ಬೂತಾಯಿ ಬರುವ ವರ್ಷ, ಬಾರದ ವರ್ಷ

2012ರಲ್ಲಿ ಕೇರಳದ ಮೀನುಗಾರರು ಹಿಡಿದು ತಂದ ಬೂತಾಯಿ ಸುಮಾರು 4 ಲಕ್ಷ ಟನ್. ಒಂಬತ್ತು ವರ್ಷ ಕಳೆದು 2021ರಲ್ಲಿ ಅದೇ ಕರಾವಳಿಯ ಲೆಕ್ಕ ತೆಗೆದಾಗ ಸಿಕ್ಕಿದ್ದು 3,297 ಟನ್. ನೂರು ಬುಟ್ಟಿ ಇಳಿಯುತ್ತಿದ್ದ ಕಡೆ ಒಂದು ಬುಟ್ಟಿಯೂ ತುಂಬದ ಸ್ಥಿತಿ. ಇನ್ನು ಈ ಮೀನಿನ ಕಥೆ ಮುಗಿಯಿತು ಎಂದು ಜನ ಮಾತಾಡಿಕೊಳ್ಳುತ್ತಿರುವಾಗಲೇ, 2022ರಲ್ಲಿ ಲೆಕ್ಕ ಮತ್ತೆ 1 ಲಕ್ಷ ಟನ್ ದಾಟಿತು. ಆನೆಯೋ ಹುಲಿಯೋ ಈ ಪ್ರಮಾಣದಲ್ಲಿ ಕುಸಿದರೆ ಚೇತರಿಸಿಕೊಳ್ಳಲು ಹತ್ತಾರು ವರ್ಷ ಬೇಕು, ಅದೂ ಅದೃಷ್ಟ ಇದ್ದರೆ. ಬೂತಾಯಿಗೆ ಒಂದೆರಡು ಒಳ್ಳೆಯ ಮಳೆಗಾಲ ಸಾಕಾಯಿತು.

ಇಷ್ಟು ಬೇಗ ಬೀಳುವ, ಇಷ್ಟು ಬೇಗ ಏಳುವ ಮೀನು ಎಂಥದ್ದು? ಮಂಗಳೂರು–ಉಡುಪಿಯಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಗಡಿ ದಾಟಿ ಕೇರಳಕ್ಕೆ ಹೋದರೆ ಮತ್ತಿ ಅಥವಾ ಚಾಳ. ಫ್ರಾನ್ಸಿನ ಪ್ರಾಣಿವಿಜ್ಞಾನಿ ವಾಲೆನ್ಸಿಯೆನ್ 1847ರಲ್ಲಿ ಇದಕ್ಕೆ ಸಾರ್ಡಿನೆಲ್ಲ ಲಾಂಗಿಸೆಪ್ಸ್ ಎಂದು ಹೆಸರಿಟ್ಟ. ಉತ್ತರ ಯುರೋಪಿನ ಹೆರಿಂಗ್ ಮೀನಿನ ಬಳಗಕ್ಕೆ ಸೇರಿದ, ಆದರೆ ಬೆಚ್ಚಗಿನ ನೀರನ್ನೇ ನೆಚ್ಚಿಕೊಂಡ ಮೀನು ಇದು. ಭಾರತದ ಕರಾವಳಿಯಿಂದ ಪಾಕಿಸ್ತಾನ, ಒಮಾನ್, ಯೆಮನ್ ದಾಟಿ ಏಡನ್ ಕೊಲ್ಲಿಯವರೆಗೂ ಇದರ ವಾಸ. ಒಮಾನಿನಲ್ಲಿ ಇದನ್ನು ಮರಳಿನ ಮೇಲೆ ಒಣಗಿಸಿ ಒಂಟೆಗಳಿಗೂ ದನಗಳಿಗೂ ಮೇವಾಗಿ ಹಾಕುವುದುಂಟು. ನಮ್ಮಲ್ಲಿ ಪುಳಿಮುಂಚಿಗೆ ಮೊದಲ ಆಯ್ಕೆ, ಕಡಿಮೆ ದುಡ್ಡಿನಲ್ಲಿ ಮನೆಮಂದಿಗೆಲ್ಲ ಆಗುವ ಮೀನು.

ಉದ್ದ ತಲೆಯ ಒಳಗೆ

ಕೈಯಲ್ಲಿ ಹಿಡಿದು ನೋಡಿದರೆ ಬೂತಾಯಿಯಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ನೀಲಿ-ಹಸಿರು ಬೆನ್ನು, ಬೆಳ್ಳಿ ಬಣ್ಣದ ಪಕ್ಕೆ, ಕಿವಿರಿನ ಹಿಂದೆ ಮಾಸಲು ಬಂಗಾರದ ಒಂದು ಚುಕ್ಕೆ, ಕಿವಿರಿನ ಮುಚ್ಚಳದ ಅಂಚಿನಲ್ಲಿ ಕಪ್ಪು ಮಚ್ಚೆ. ಉದ್ದ ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್. ಹೊಟ್ಟೆಯ ಅಂಚಿನಲ್ಲಿ ಬೆರಳಿಗೆ ಚುಚ್ಚುವ ಗಡಸು ಹುರುಪೆಗಳ ಸಾಲು. ಪೇಡಿಯಂಥ ಹತ್ತಿರದ ನೆಂಟರಿಂದ ಇದನ್ನು ಬೇರೆ ಮಾಡಿ ತೋರಿಸುವುದು ತಲೆ. ಬಾಲದ ರೆಕ್ಕೆ ಬಿಟ್ಟು ಅಳೆದರೆ ಮೈಯ ಉದ್ದದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ತಲೆಯೇ.

ಆ ಉದ್ದ ತಲೆಗೆ ಕಾರಣ ಒಳಗಿದೆ. ಕಿವಿರಿನ ಕಮಾನುಗಳ ಮೇಲೆ ಒತ್ತೊತ್ತಾಗಿ ಕೂದಲಿನಷ್ಟು ಸಪೂರದ ಕಡ್ಡಿಗಳು ನಿಂತಿರುತ್ತವೆ. ಮೊದಲ ಕಮಾನಿನ ಕೆಳಭಾಗವೊಂದರಲ್ಲೇ ಇವುಗಳ ಸಂಖ್ಯೆ 150ರಿಂದ 250ರವರೆಗೆ. ಬಾಯಿ ತೆರೆದು ಈಜುವಾಗ ನುಗ್ಗಿದ ನೀರು ಕಿವಿರಿನ ಸೀಳುಗಳಿಂದ ಹೊರಗೆ ಹೋಗುತ್ತದೆ. ನೀರಿನಲ್ಲಿದ್ದ ಕಣಗಳು ಜರಡಿಯಲ್ಲಿ ಉಳಿದಂತೆ ಈ ಕಡ್ಡಿಗಳ ಮೇಲೆ ಉಳಿಯುತ್ತವೆ. ಕಣಗಳೆಂದರೆ ಹೆಚ್ಚಿನಂಶ ಡಯಾಟಮ್‌ಗಳು, ಅಂದರೆ ಗಾಜಿನ ಮೂಲವಸ್ತುವಾದ ಸಿಲಿಕದಿಂದ ಚಿಪ್ಪು ಕಟ್ಟಿಕೊಂಡ, ಬರಿಗಣ್ಣಿಗೆ ಕಾಣದ ಏಕಕೋಶ ಪಾಚಿಗಳು. ಜೊತೆಗೆ ಸಣ್ಣಪುಟ್ಟ ಪ್ರಾಣಿಪ್ಲವಕಗಳೂ ಹೊಟ್ಟೆ ಸೇರುತ್ತವೆ.

ಹೀಗೆ ಪಾಚಿಯನ್ನೇ ನೇರವಾಗಿ ತಿನ್ನುವುದರಲ್ಲಿ ಬೂತಾಯಿಯ ಸಂಪತ್ತೂ ಇದೆ, ಸಂಕಟವೂ ಇದೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋದಾಗ ಸರಿಸುಮಾರು ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಸೋರಿಹೋಗುತ್ತದೆ. ಈ ಸ್ಥೂಲ ಲೆಕ್ಕದಲ್ಲಿ ಸಾವಿರ ಕಿಲೋ ಪಾಚಿಯಿಂದ ನೂರು ಕಿಲೋ ಬೂತಾಯಿ ಆಗಬಹುದು, ಆ ನೂರು ಕಿಲೋ ಬೂತಾಯಿಯನ್ನು ತಿಂದು ಹತ್ತು ಕಿಲೋ ಅಂಜಲ್ ಬೆಳೆಯಬಹುದು. ಅಂಜಲ್ ದುಬಾರಿಯಾಗಿ ಬೂತಾಯಿ ಅಗ್ಗವಾಗಲು ಇದೂ ಒಂದು ಕಾರಣ. ಆದರೆ ಬೂತಾಯಿಗೂ ಪಾಚಿಗೂ ನಡುವೆ ಹೊಡೆತ ತಾಳಿಕೊಳ್ಳುವ ಮೆಟ್ಟಿಲೊಂದಿಲ್ಲ. ಪಾಚಿ ಒಂದು ತಿಂಗಳು ತಡವಾದರೂ ಅದರ ಬಿಸಿ ನೇರವಾಗಿ ಮೀನಿಗೇ ತಟ್ಟುತ್ತದೆ.

ಮೀನಿನ ಮೈಯಲ್ಲಿರುವ ಎಣ್ಣೆಯೂ ಬಹುಪಾಲು ಪಾಚಿಯ ಕೊಡುಗೆಯೇ. ವೈದ್ಯರು ಹೃದಯಕ್ಕೆ ಒಳ್ಳೆಯದೆಂದು ಹೇಳುವ ಒಮೆಗಾ-3 ಕೊಬ್ಬನ್ನು ಕಡಲಲ್ಲಿ ತಯಾರಿಸುವುದು ಮುಖ್ಯವಾಗಿ ಸೂಕ್ಷ್ಮ ಪಾಚಿಗಳು. ಮೀನು ಅದನ್ನು ತಿಂದು ಕೂಡಿಡುತ್ತದೆ. ಮೊಟ್ಟೆಯಿಟ್ಟು ಬಳಲಿದ ಮೀನಿನಲ್ಲಿ ಎಣ್ಣೆ ತೀರಾ ಕಡಿಮೆ. ಮಳೆಗಾಲ ಮುಗಿದು ಪಾಚಿ ಸಮೃದ್ಧವಾಗಿರುವಾಗ ಮೇದ ಮೀನಿನಲ್ಲಿ ಅದು ಮೈತೂಕದ ಶೇಕಡಾ 15ನ್ನೂ ಮೀರುವುದುಂಟು. ದೀಪಾವಳಿಯ ಹೊತ್ತಿನ ಬೂತಾಯಿಗೆ ಬೇರೆಯೇ ರುಚಿ ಎಂದು ಕರಾವಳಿಯವರು ಹೇಳುವುದರಲ್ಲಿ ರಸಾಯನವಿಜ್ಞಾನವಿದೆ.

ಹಿಂಡು ಕಾಯುತ್ತದೆ, ಹಿಂಡೇ ಕೊಲ್ಲುತ್ತದೆ

ಬೂತಾಯಿ ಒಂಟಿಯಾಗಿ ಬದುಕುವ ಮೀನಲ್ಲ. ಸಾವಿರ, ಲಕ್ಷಗಳ ಹಿಂಡಾಗಿಯೇ ಅದು ಚಲಿಸುತ್ತದೆ. ಅಂಜಲ್, ಕೇದರ, ಡಾಲ್ಫಿನ್, ಕಡಲಹಕ್ಕಿ ಎಲ್ಲಕ್ಕೂ ಇದು ಊಟ. ಮುಳ್ಳು, ವಿಷ, ಬಿಲ ಯಾವುದೂ ಇಲ್ಲದ ಮೀನಿಗೆ ಗುಂಪೊಂದೇ ರಕ್ಷೆ. ಬೇಟೆಗಾರ ಮೀನು ಎದುರಿಗಿರುವ ಒಂದನ್ನು ಗುರಿಯಿಡಬೇಕು. ಸಾವಿರ ಮೈಗಳು ಒಟ್ಟಿಗೆ ಹೊರಳಿ ಮಿನುಗಿದಾಗ ಗುರಿ ತಪ್ಪುತ್ತದೆ. ಆ ಮಿನುಗು ಹುಟ್ಟುವುದು ಚರ್ಮದಲ್ಲೂ ಹುರುಪೆಯ ಮೇಲೂ ಇರುವ ಗ್ವಾನೀನ್ ಹರಳುಗಳಿಂದ. ಈ ಹರಳುಗಳ ತೆಳು ಪದರಗಳು ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತವೆ.

ಇಷ್ಟು ದೊಡ್ಡ ಗುಂಪು ಒಂದಕ್ಕೊಂದು ಡಿಕ್ಕಿಯಾಗದೆ ಹೇಗೆ ಹೊರಳುತ್ತದೆ? ಮೊದಲನೆಯದಾಗಿ ಕಣ್ಣು. ಎರಡನೆಯದು ಕಿವಿ. ಹೆರಿಂಗ್ ಬಳಗದ ಮೀನುಗಳಲ್ಲಿ ಗಾಳಿಚೀಲದಿಂದ ಹೊರಟ ಸಪೂರ ಕೊಳವೆಗಳು ತಲೆಬುರುಡೆಯೊಳಗೆ ಹೋಗಿ ಒಳಗಿವಿಯ ಪಕ್ಕದಲ್ಲೇ ಪುಟ್ಟ ಗಾಳಿಗುಳ್ಳೆಗಳಾಗಿ ಮುಗಿಯುತ್ತವೆ. ನೀರಿನ ಒತ್ತಡ ಸ್ವಲ್ಪ ಬದಲಾದರೂ ಗುಳ್ಳೆ ಹಿಗ್ಗಿ ಕುಗ್ಗಿ ಕಿವಿಗೆ ಸುದ್ದಿ ಮುಟ್ಟಿಸುತ್ತದೆ. ಇತರ ಅನೇಕ ಮೀನುಗಳ ಮೈಯುದ್ದಕ್ಕೂ ಕಾಣುವ ಪಾರ್ಶ್ವರೇಖೆ ಇವುಗಳ ಮೈಮೇಲೆ ಇಲ್ಲ. ನೀರಿನ ಅಲುಗಾಟವನ್ನು ಗ್ರಹಿಸುವ ಆ ನಾಳಗಳು ತಲೆಯ ಮೇಲೆಯೇ ಕವಲೊಡೆದು ಹರಡಿಕೊಂಡಿವೆ. ಹಿಂಡಿಗೆ ನಾಯಕ ಇರುವುದಿಲ್ಲ. ಪ್ರತಿ ಮೀನೂ ತನ್ನ ಆಸುಪಾಸಿನ ಕೆಲವನ್ನು ಗಮನಿಸಿ ದಿಕ್ಕು ಸರಿಪಡಿಸಿಕೊಳ್ಳುತ್ತ ಹೋಗುತ್ತದೆ, ತಿರುವು ಕ್ಷಣಾರ್ಧದಲ್ಲಿ ಹಿಂಡಿನುದ್ದಕ್ಕೂ ಹಬ್ಬುತ್ತದೆ.

ಅಂಜಲ್ ಎದುರು ಗೆಲ್ಲುವ ಈ ಉಪಾಯ ಬಲೆಯ ಎದುರು ಸೋಲುತ್ತದೆ. ಬಲೆಗೆ ಒಂದನ್ನೇ ಗುರಿಯಿಡುವ ಅಗತ್ಯವಿಲ್ಲ, ಇಡೀ ಹಿಂಡನ್ನು ಒಮ್ಮೆಗೇ ಸುತ್ತುವರಿದರಾಯಿತು. ಇನ್ನೂ ಒಂದು ಅಪಾಯ ಲೆಕ್ಕದ ಪುಸ್ತಕದಲ್ಲಿದೆ. ಕಡಲಲ್ಲಿ ಮೀನು ಅರ್ಧಕ್ಕಿಳಿದರೂ ಉಳಿದವು ಚದುರದೆ ಮತ್ತೆ ಗುಂಪಾಗುತ್ತವೆ. ಗುಂಪು ಹುಡುಕಬಲ್ಲ ದೋಣಿಗೆ ಒಂದು ಸುತ್ತಿಗೆ ಸಿಗುವ ಮೀನು ಮೊದಲಿನಷ್ಟೇ ಇರುತ್ತದೆ. ದಕ್ಕೆಯಲ್ಲಿ ಸುಗ್ಗಿ ನಡೆದಿರುವಾಗಲೇ ಕಡಲಲ್ಲಿ ಬರ ಶುರುವಾಗಿರಬಹುದು.

ಮಳೆಗಾಲದಲ್ಲಿ ಕಡಲು ಮಗುಚುವ ಬಗೆ

ಬೂತಾಯಿಯ ವರ್ಷ ಆರಂಭವಾಗುವುದು ಮುಂಗಾರಿನೊಂದಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯ ಮೇಲೆ ಬೀಸುವ ಗಾಳಿಯಲ್ಲಿ ತೀರದ ಗುಂಟ ದಕ್ಷಿಣಕ್ಕೆ ಸಾಗುವ ಒಂದಂಶವಿರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಗಾಳಿಯ ಬಲಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿದವನ ಬಲಗಡೆ ಪಶ್ಚಿಮ, ಅಂದರೆ ತೆರೆದ ಕಡಲು. ಹೀಗೆ ತೀರದಿಂದ ದೂರ ಸರಿದ ನೀರಿನ ಜಾಗ ತುಂಬಲು ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಮೊದಲು ಶುರುವಾಗುವ ಈ ಏರಿಕೆ ದಿನ ಕಳೆದಂತೆ ಉತ್ತರಕ್ಕೆ ಹಬ್ಬಿ ಕರ್ನಾಟಕದ ತೀರವನ್ನು ತಲುಪುತ್ತದೆ. ಅಷ್ಟು ಹೊತ್ತಿಗೆ ಅದರ ಕಸುವು ತುಸು ತಗ್ಗಿರುತ್ತದೆ.

ಆಳದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಹೇರಳ. ಬೆಳಕಿಲ್ಲದ ಆಳದಲ್ಲಿ ಅವನ್ನು ಬಳಸಿಕೊಳ್ಳುವವರೇ ಇರಲಿಲ್ಲ. ಬೆಳಕಿಗೆ ಬಂದದ್ದೇ ತಡ, ಡಯಾಟಮ್‌ಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಕಡಲಿನ ಬಣ್ಣವನ್ನೇ ಬದಲಿಸುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಇದೇ ತಿಂಗಳುಗಳಲ್ಲಿ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ತೇಲುವ ಆ ಮೊಟ್ಟೆಗಳು ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಹೊರಬಂದ ಮರಿಗೆ ಅಂಟಿಕೊಂಡಿರುವ ಬುತ್ತಿ ಕೆಲವೇ ದಿನಗಳದ್ದು. ಅದು ಮುಗಿಯುವುದರೊಳಗೆ ಬಾಯಿಗೆ ಹಿಡಿಸುವಷ್ಟು ಚಿಕ್ಕ ಆಹಾರ ಪಕ್ಕದಲ್ಲೇ ಇರಬೇಕು. ಇದ್ದರೆ ಆ ವರ್ಷದ ಪೀಳಿಗೆ ಉಳಿಯಿತು.

ಆದರೆ ಮೇಲೇರಿ ಬರುವ ನೀರಿನ ಜೊತೆ ಕೇಡೂ ಬರುತ್ತದೆ. ಅರಬ್ಬೀ ಸಮುದ್ರದ ನಡು ಆಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಆ ನೀರು ತೀರದ ತಳವನ್ನು ಆವರಿಸಿದ ಮೇಲೆ, ಸತ್ತು ಬಿದ್ದ ಪಾಚಿ ಕೊಳೆಯುತ್ತ ಉಳಿದ ಆಮ್ಲಜನಕವನ್ನೂ ಹೀರುತ್ತದೆ. ಕರ್ನಾಟಕ–ಗೋವಾ ತೀರದಲ್ಲಿ ಇನ್ನೊಂದು ತೊಡಕಿದೆ. ಪಶ್ಚಿಮ ಘಟ್ಟದ ಮಳೆ ನೇತ್ರಾವತಿ, ಶರಾವತಿ, ಕಾಳಿಗಳ ಮೂಲಕ ಕಡಲಿಗೆ ಬಿದ್ದು, ಹಗುರವಾದ ಸಿಹಿನೀರಿನ ತೆಳು ಪದರವಾಗಿ ಮೇಲೆ ನಿಂತುಬಿಡುತ್ತದೆ. ಮೇಲಿನ ಆಮ್ಲಜನಕ ಕೆಳಗಿಳಿಯಲು ಅದು ಬಿಡುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಈ ತೀರದ ತಳದ ನೀರಿನಲ್ಲಿ ಆಮ್ಲಜನಕ ಬಹುತೇಕ ಇಲ್ಲವೆನ್ನುವಷ್ಟು ಇಳಿಯುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಉಸಿರುಗಟ್ಟಿಸುವ ನೀರಿನಿಂದ ತಪ್ಪಿಸಿಕೊಳ್ಳಲು ಮೀನು ಮೇಲಕ್ಕೂ ದಡದ ಕಡೆಗೂ ಒತ್ತರಿಸಿಕೊಳ್ಳುತ್ತದೆ. ದಡದ ಮೀನುಗಾರನಿಗೆ ಅದು ಸುಗ್ಗಿ.

ಹೀಗಾಗಿ ಬೂತಾಯಿಗೆ ಬೇಕಾದುದು ಹದ. ತಳದ ನೀರು ಏಳದಿದ್ದರೆ ಹಸಿವು, ಹೊತ್ತಿಗೆ ಮುಂಚೆ ಎದ್ದರೆ ಉಸಿರುಗಟ್ಟು.

ನೂರು ವರ್ಷಗಳ ಊಹೆ

ಮೀನು ಕೆಲವು ವರ್ಷ ಉಕ್ಕಿ ಕೆಲವು ವರ್ಷ ಮಾಯವಾಗುವುದು ಹೊಸ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಮಲಬಾರಿನಲ್ಲಿ ಬೂತಾಯಿಯನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುತ್ತಿದ್ದರು. ಎಣ್ಣೆ ಮರದ ದೋಣಿಗಳಿಗೆ ಬಳಿಯಲು, ಚರ್ಮ ಹದಮಾಡಲು. ಹಿಂಡಿ ತೆಂಗಿಗೆ, ಕಾಫಿ ತೋಟಕ್ಕೆ ಗೊಬ್ಬರ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆ ಈ ಉದ್ಯಮವನ್ನು ಬೆಳೆಸಲು ಹೊರಟಾಗ ಕಚ್ಚಾಮಾಲೇ ಕೈಕೊಡುತ್ತಿತ್ತು. ಏಕೆಂದು ತಿಳಿಯಲು ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು 1920ರ ದಶಕದಲ್ಲಿ ಬೂತಾಯಿಯ ಜೀವನಚರಿತ್ರೆಯನ್ನೂ ಮಲಬಾರ್ ತೀರದ ಪ್ಲವಕಗಳನ್ನೂ ಒಟ್ಟಿಗೆ ಅಧ್ಯಯನ ಮಾಡಿದರು.

1940ರ ದಶಕದಲ್ಲಿ ಮೀನು ತೀರಾ ಕೈಕೊಟ್ಟಿತು. ಮರಿ ಮೀನುಗಳನ್ನೂ ಮೊಟ್ಟೆ ತುಂಬಿದ ಮೀನುಗಳನ್ನೂ ಹಿಡಿದುದೇ ಕಾರಣವೆಂದು ಬಗೆದು ಮದ್ರಾಸ್ ಸರ್ಕಾರ 1943ರಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ನಿರ್ಬಂಧ ಹಾಕಿತು. ಕಡಲಲ್ಲಿ ಕಾನೂನು ಜಾರಿ ಮಾಡುವುದು ಆಗಲೂ ಸುಲಭವಿರಲಿಲ್ಲ. ನಿರ್ಬಂಧ ಕೆಲ ವರ್ಷಗಳಲ್ಲೇ ತೆರವಾಯಿತು. ಮುಂದೆ ಮೀನು ಮರಳಿತು, ಮತ್ತೆ ಹೋಯಿತು. 1994ರಲ್ಲಿ ಕೇರಳಕ್ಕೆ ಸಿಕ್ಕಿದ್ದು ಒಂದೂವರೆ ಸಾವಿರ ಟನ್ ಆಸುಪಾಸು ಮಾತ್ರ.

1947ರಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿದ ಮೇಲೆ ಊಹೆಗಳನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಅವರು ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಡಯಾಟಮ್ ಹೇರಳವಾಗಿ ಕಂಡಾಗ ಬೂತಾಯಿಯೂ ಹೇರಳವಾಗುತ್ತದೆಂದು ತೋರಿಸಿದರು. 1960ರ ದಶಕದ ಕೊನೆಯಲ್ಲಿ ಆಂಟನಿ ರಾಜ ಅವರು ಮೊಟ್ಟೆಯಿಡುವ ವಾರಗಳ ಮಳೆಗೂ ಮುಂದೆ ಸಿಗುವ ಮರಿಗಳ ಸಂಖ್ಯೆಗೂ ನಂಟು ಕಲ್ಪಿಸಿದರು: ಮಳೆ ಕೈಕೊಟ್ಟರೆ ಹೆಣ್ಣಿನ ಹೊಟ್ಟೆಯಲ್ಲೇ ಮೊಟ್ಟೆ ಕರಗಿಹೋಗುತ್ತದೆ ಎಂಬುದು ಅವರ ವಾದ. 1990ರಲ್ಲಿ ಲಾಂಗ್‌ಹರ್ಸ್ಟ್ ಮತ್ತು ವೂಸ್ಟರ್ ಕೊಚ್ಚಿಯ ಕಡಲಮಟ್ಟದ ಹಳೆಯ ದಾಖಲೆಗಳನ್ನು ಹಿಡಿದು ಕುಳಿತರು. ತಳದ ತಣ್ಣೀರು ಏರಿದಾಗ ತೀರದ ಕಡಲಮಟ್ಟ ತುಸು ಇಳಿಯುವುದರಿಂದ ಆ ದಾಖಲೆಯಲ್ಲಿ ಏರಿಕೆಯ ಚರಿತ್ರೆಯೇ ಅಡಗಿತ್ತು. ಅವಧಿಗೆ ಮುನ್ನ ತಳದ ನೀರು ಎದ್ದ ವರ್ಷಗಳಲ್ಲಿ ಹೊಸ ಪೀಳಿಗೆ ಸೊರಗಿತ್ತು. ಆಮ್ಲಜನಕವಿಲ್ಲದ ನೀರು ಮೊಟ್ಟೆಯಿಡುವ ಮೀನುಗಳನ್ನು ತೀರದ ಕಡೆ ಬರಗೊಡುವುದಿಲ್ಲ ಎಂದು ಅವರು ವಿವರಿಸಿದರು.

ಈ ವಿವರಣೆಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಪಾಚಿ, ಮಳೆ, ತಳದ ನೀರು ಎಲ್ಲವೂ ಒಂದೇ ಮುಂಗಾರಿನ ಬೇರೆ ಬೇರೆ ಮುಖಗಳು. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲೇ ಹೆರಿಂಗ್ ಕುರಿತು ಹೇಳಿದ್ದೂ ಇದೇ ದಿಕ್ಕಿನದು: ಒಂದು ಪೀಳಿಗೆಯ ಗಾತ್ರ ನಿರ್ಧಾರವಾಗುವುದು ಮರಿಗಳ ಮೊದಲ ದಿನಗಳಲ್ಲಿ. 1904ರಲ್ಲಿ ಹುಟ್ಟಿದ ಹೆರಿಂಗ್‌ಗಳೊಂದೇ ಅಲ್ಲಿನ ಮೀನುಗಾರಿಕೆಯನ್ನು ವರ್ಷಾನುಗಟ್ಟಲೆ ಸಾಕಿದವು. ಹೆರಿಂಗ್ ಹತ್ತು-ಹದಿನೈದು ವರ್ಷ ಬದುಕುವ ಮೀನು. ಒಂದು ಒಳ್ಳೆಯ ವರ್ಷದ ಫಲವನ್ನು ಮುಂದಿನ ಕೆಟ್ಟ ವರ್ಷಗಳಿಗೆ ಒಯ್ಯಬಲ್ಲದು. ಬೂತಾಯಿಯ ಆಯಸ್ಸು ಎರಡೂವರೆ ವರ್ಷದ ಆಸುಪಾಸು. ಒಂದು ವರ್ಷಕ್ಕೆ, 15 ಸೆಂಟಿಮೀಟರ್ ಹೊತ್ತಿಗೆ, ಅದು ಮೊಟ್ಟೆಯಿಡಲು ಸಿದ್ಧ. ಎರಡು ಮಳೆಗಾಲ ಸತತವಾಗಿ ಕೆಟ್ಟರೆ ಕಡಲಲ್ಲಿ ಹಳೆಯ ತಲೆಮಾರು ಎಂಬುದೇ ಉಳಿಯುವುದಿಲ್ಲ. ಎರಡು ಚೆನ್ನಾದರೆ ಕಡಲು ತುಂಬುತ್ತದೆ.

ಬಲೆಗಳೇ ಇಲ್ಲದಿದ್ದರೂ ಏರಿಳಿತ ಇರುತ್ತಿತ್ತೆ? ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಸಾಂಟಾ ಬಾರ್ಬರಾ ತೀರದಾಚೆಯ ಕಡಲತಗ್ಗಿನ ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಮೀನಿನ ಹುರುಪೆಗಳು ಕೊಳೆಯದೆ ವರ್ಷದ ಮೇಲೆ ವರ್ಷದ ಪದರಗಳಾಗಿ ಉಳಿದಿವೆ. ಸೌಟರ್ ಮತ್ತು ಐಸಾಕ್ಸ್ 1969ರಲ್ಲಿ ಆ ಪದರಗಳನ್ನು ಎಣಿಸಿದಾಗ, ಕೈಗಾರಿಕಾ ಮೀನುಗಾರಿಕೆ ಹುಟ್ಟುವ ಶತಮಾನಗಳ ಮುಂಚೆಯೂ ಅಲ್ಲಿನ ಸಾರ್ಡಿನ್ ಹಲವು ಬಾರಿ ಉಕ್ಕಿ ಬತ್ತಿದ್ದು ಕಂಡಿತು. ಏರಿಳಿತ ಈ ಬಳಗದ ಜೀವನಕ್ರಮದಲ್ಲೇ ಇದೆ.

ಸ್ಥಿರವಾದ ಬಲೆ, ಅಸ್ಥಿರವಾದ ಮೀನು

ಹಾಗೆಂದು ಬಲೆಗಳು ನಿರಪರಾಧಿಗಳಲ್ಲ. 1970ರ ದಶಕದ ನಡುಭಾಗದವರೆಗೆ ಕರ್ನಾಟಕದ ಕರಾವಳಿಯಲ್ಲಿ ಬೂತಾಯಿ, ಬಂಗುಡೆ ಹಿಡಿಯುವ ದೊಡ್ಡ ಸಾಧನ ರಂಪಣಿ. ಕಿಲೋಮೀಟರ್‌ಗಟ್ಟಲೆ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯಬೇಕು. ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. ಮೀನು ದಡಕ್ಕೆ ಬಂದರೆ ಮಾತ್ರ ರಂಪಣಿಗೆ ಕೆಲಸ. ಬಾರದ ವರ್ಷ ಬಲೆ ದಡದಲ್ಲೇ ಇರುತ್ತಿತ್ತು. ಮೀನಿನ ಏರಿಳಿತಕ್ಕೆ ಈ ಪದ್ಧತಿ ತಾನಾಗಿಯೇ ಬಗ್ಗುತ್ತಿತ್ತು.

ಆಮೇಲೆ ಪರ್ಸೀನ್ ಬೋಟುಗಳು ಬಂದವು. ಇಂಜಿನ್ ಇರುವ ಬೋಟು ಹಿಂಡು ಇದ್ದಲ್ಲಿಗೇ ಹೋಗಿ ಸುತ್ತುವರಿದು, ಬಲೆಯ ತಳದ ಹಗ್ಗ ಬಿಗಿದು ಬಾಯಿ ಮುಚ್ಚುತ್ತದೆ. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು, ಎರಡು ಪಂಗಡಗಳ ನಡುವೆ ಘರ್ಷಣೆಗಳೂ ನಡೆದವು. ಬೋಟಿಗೆ ಬ್ಯಾಂಕ್ ಸಾಲವಿದೆ, ಡೀಸೆಲ್ ಖರ್ಚಿದೆ, ದುಡಿಯುವವರಿದ್ದಾರೆ. ದಡದಲ್ಲಿ ಮೀನು ಅರೆದು ಎಣ್ಣೆಯನ್ನೂ ಸಿಗಡಿ-ಕೋಳಿಗಳ ಆಹಾರಕ್ಕೆ ಪುಡಿಯನ್ನೂ ತಯಾರಿಸುವ ಫಿಶ್‌ಮೀಲ್ ಕಾರ್ಖಾನೆಗಳಿವೆ. ಆ ಯಂತ್ರಗಳಿಗೆ ಮೀನು ಎಷ್ಟು ಉದ್ದವಿದ್ದರೂ ನಡೆಯುತ್ತದೆ. ಪೇಟೆಯಲ್ಲಿ ಯಾರೂ ಕೊಳ್ಳದ ಮರಿ ಮೀನಿಗೂ ಹೀಗೆ ಬೆಲೆ ಬಂತು.

2012ರ ಸುಗ್ಗಿಯ ನಂತರ ಆದದ್ದನ್ನು ಕೃಪಾ ಮತ್ತು ಸಂಗಡಿಗರು 2018ರ ಅಧ್ಯಯನದಲ್ಲಿ ಬಿಡಿಸಿಟ್ಟರು. ಸುಗ್ಗಿಯ ವರ್ಷಗಳಲ್ಲಿ ಹಿಡಿದದ್ದು ತಾಳಿಕೆಯ ಮಿತಿಯನ್ನು ಮೀರಿತ್ತು. ಅದರ ಬೆನ್ನಿಗೇ ಕಡಲಿನ ಸ್ಥಿತಿ ಹದಗೆಟ್ಟಿತು, 2015ರಲ್ಲಿ ಬಲವಾದ ಎಲ್ ನಿನ್ಯೊ ಬಂತು. ಬಲೆಯ ಹೊಡೆತವೊಂದೇ ಆಗಿದ್ದರೆ ಮೀನು ತಾಳಿಕೊಳ್ಳುತ್ತಿತ್ತೇನೊ, ಕೆಟ್ಟ ಮಳೆಗಾಲವೊಂದೇ ಆಗಿದ್ದರೂ ತಾಳಿಕೊಳ್ಳುತ್ತಿತ್ತೇನೊ. ಎರಡೂ ಒಟ್ಟಿಗೆ ಬಿದ್ದಾಗ ಮೊಟ್ಟೆಯಿಡಲು ಉಳಿದ ಮೀನುಗಳೇ ಸಾಲದಾದವು.

ಇದರ ಮೇಲೆ ಕಡಲು ಬಿಸಿಯಾಗುತ್ತಿದೆ. 1980ರ ದಶಕದ ಮಧ್ಯದವರೆಗೂ ಭಾರತದ ಬೂತಾಯಿ ಬಹುತೇಕ ಕೇರಳ–ಕರ್ನಾಟಕದ ತೀರಕ್ಕೇ ಸೀಮಿತವಾಗಿತ್ತು. ಆ ಬಳಿಕ ತಮಿಳುನಾಡು, ಆಂಧ್ರದ ತೀರಗಳಲ್ಲೂ, ಪಶ್ಚಿಮದಲ್ಲಿ ಉತ್ತರಕ್ಕೆ ಗುಜರಾತಿನವರೆಗೂ ಅದು ಸಿಗಲಾರಂಭಿಸಿದ್ದನ್ನು ವಿವೇಕಾನಂದನ್ ಮತ್ತಿತರರು ದಾಖಲಿಸಿದ್ದಾರೆ. ಮೀನು ತನಗೆ ಒಗ್ಗುವ ನೀರನ್ನು ಹುಡುಕಿಕೊಂಡು ಹೋಗಬಲ್ಲದು. ಮಲ್ಪೆಯ ದಕ್ಕೆ ಅದರ ಹಿಂದೆ ಹೋಗಲಾರದು.

ಹಾಗಾದರೆ ಮಾಡಬಹುದಾದದ್ದೇನು? ಮುಂಗಾರು ನಮ್ಮ ಮಾತು ಕೇಳುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ರಜೆ ಬೂತಾಯಿ ಮೊಟ್ಟೆಯಿಡುವ ಕಾಲದ ಒಂದು ಭಾಗವನ್ನಾದರೂ ಕಾಯುತ್ತದೆ. ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ. ಆದರೆ ಮೊದಲ ಸಲ ಮೊಟ್ಟೆಯಿಡುವ ಅಳತೆ 15 ಸೆಂಟಿಮೀಟರ್. ನಡುವಿನ 5 ಸೆಂಟಿಮೀಟರ್‌ನಲ್ಲಿ ಸಿಕ್ಕಿಬಿದ್ದ ಮೀನು ಕಾನೂನಿನ ಪ್ರಕಾರ ದೊಡ್ಡದು, ಕಡಲಿನ ಪ್ರಕಾರ ಇನ್ನೂ ಮರಿ. ಎಲ್ಲಕ್ಕಿಂತ ಮುಖ್ಯವಾದ ಮಿತಿಯನ್ನು ಹಾಕಬೇಕಾದುದು ಮೀನು ಉಕ್ಕಿ ಬಂದ ವರ್ಷದಲ್ಲಿ. ಯಾರಿಗೂ ಮಿತಿಯ ಮಾತೇ ಬೇಡವಾಗಿರುವ ವರ್ಷವೂ ಅದೇ. ಬಾರದ ವರ್ಷ ಹಾಕುವ ನಿರ್ಬಂಧದಿಂದ ಆಗುವ ಲಾಭ ಕಡಿಮೆ, ಏಕೆಂದರೆ ಉಳಿಸಲು ಆಗ ಮೀನೇ ಇರುವುದಿಲ್ಲ. ಸಮೃದ್ಧಿಯ ವರ್ಷ ಕಡಲಲ್ಲೇ ಬಿಟ್ಟ ಮೀನು ಮಾತ್ರ ಮುಂದಿನ ಕೆಟ್ಟ ಮಳೆಗಾಲವನ್ನು ದಾಟಿ ಮೊಟ್ಟೆಯಿಡುತ್ತದೆ.